ಮಾಸ್ಟರ್‌ನ ಕಾಲುಚೀಲ

ರಾಯದುರ್ಗದ ಉರಿಬಿಸಿಲಿನಲ್ಲೂ ನಮ್ಮ ಕಟಿಂಗ್ ಮಾಸ್ಟರ್ ಮಂಡಿಯವರೆಗೆ ದಪ್ಪ ಕಾಲುಚೀಲ ಎಳೆದು ಬೂಟು ಹಾಕುತ್ತಿದ್ದ. ಅದರ ವಾಸನೆ ಅವನಿಗಿಂತ ಮೊದಲು ಹೊಲಿಗೆ ಶೆಡ್ಡಿಗೆ ಬರುತ್ತಿತ್ತು. ಜೀನ್ಸ್ ಹೊಲಿಯುವ ಹೆಂಗಸರು ನಾವೆಲ್ಲ ಚಪ್ಪಲಿ ಹೊರಗೆ ಬಿಡಬೇಕು, ಬಟ್ಟೆಗೆ ಮಣ್ಣಾಗುತ್ತದಂತೆ. ಬೂಟಿನ ಮರ್ಯಾದೆ ಅವನೊಬ್ಬನಿಗೆ.

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ನಾನು ನಿಮ್ಮ ಅಮ್ಮನನ್ನು ಕರೆದುಕೊಂಡು ಮಡಕಶಿರಾ ಪಕ್ಕದ ಗುಡಿಬಂಡೆಯಿಂದ ಬಂದು ಆ ಶೆಡ್ಡಿಗೆ ಸೇರಿದೆ. ಅವಳಿಗಾಗ ಆರು ವರ್ಷ. ನನ್ನದು ಜೇಬು ಹೊಲಿಯುವ ಕೆಲಸ. ಪ್ಯಾಂಟು ನೀಲಿಯಾದರೂ ಒಳಜೇಬಿನ ಬಟ್ಟೆ ಬಿಳಿ. ಆ ಬಿಳಿ ಬಟ್ಟೆಯ ಗಂಟಿನ ಮೇಲೆ ಮಾಸ್ಟರ್‌ನ ಬೆಕ್ಕು ಮಲಗುತ್ತಿತ್ತು. ಇಲಿ ಹಿಡಿಯಲೆಂದು ಸಾಕಿದ್ದನಂತೆ. ಅದು ಹಿಡಿದ ಇಲಿಯನ್ನು ಯಾರೂ ಕಾಣಲಿಲ್ಲ. "ಬಾರವ್ವಾ ರಾಣಿ" ಎಂದು ಅದಕ್ಕೆ ಹಾಲು ಹಾಕುವಾಗ ಮಾತ್ರ ಅವನ ದನಿ ಮೆತ್ತಗಾಗುತ್ತಿತ್ತು.

ಆ ವರ್ಷ ನಮಗೆಲ್ಲ ತುರಿಕೆ ಹತ್ತಿತು. ಹಿಮ್ಮಡಿಯಿಂದ ಮೊಣಕಾಲಿನವರೆಗೆ ಕೆಂಪು ಗುಳ್ಳೆ. ಮಾಸ್ಟರ್ ತೀರ್ಪು ಕೊಟ್ಟ: "ಮಡಕಶಿರಾ ಕಡೆಯವ್ರು ಹೇನು ಹೊತ್ಕೊಂಡು ಬಂದೀರಿ. ನಾಳಿ ತಲಿಗೆ ಸೀಮೆಎಣ್ಣಿ ಹಚ್ಕೊಂಡು ಬರ್ರಿ."

ಹಚ್ಚಿಕೊಂಡೆವು. ಬರೆಯಲು ಈಗಲೂ ನಾಚಿಕೆ. ತಲೆ ಉರಿಯಿತು, ಕಾಲು ತುರಿಸುತ್ತಲೇ ಇತ್ತು. ಪಕ್ಕದ ಮಷೀನಿನ, ಕಣೇಕಲ್ಲು ಊರಿನ ಅಕ್ಕ ಮೆಲ್ಲಗೆ ಅಂದಳು: "ತಲ್ಯಾಗಿನ ಹೇನು ಹಿಮ್ಮಡಿಗೆ ಯಾಕ ಬರ್ತಾವವ್ವಾ, ನೆಂಟಸ್ತನ ಮಾಡಾಕ?"

ಅಷ್ಟರಲ್ಲಿ ಬೆಕ್ಕು ನಿಮ್ಮ ಅಮ್ಮನ ಕೈ ಪರಚಿತು. ಹತ್ತು ದಿನಕ್ಕೆ ಜ್ವರ, ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಮಾಸ್ಟರ್ ದೂರ ನಿಂತು ನೋಡಿದ.

"ಟೀಬಿ ಗಡ್ಡಿ ಅದು. ಎಲ್ರಿಗೂ ಹಬ್ಬತೈತಿ. ನಾಳಿಂದ ತಾಯಿ ಮಗಳು ಇಬ್ರೂ ಬರಬ್ಯಾಡ್ರಿ."

ಆಸ್ಪತ್ರೆಯ ಡಾಕ್ಟರಮ್ಮ ಪರಚಿದ ಗಾಯ ನೋಡಿ, "ಇಂಟ್ಲೋ ಪಿಲ್ಲಿ ಉಂದಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು. ಮನೆಯಲ್ಲಿ ಬೆಕ್ಕಿಲ್ಲ, ಶೆಡ್ಡಿನಲ್ಲಿದೆ ಎಂದೆ. ಇದು ಟೀಬಿಯಲ್ಲ, ಚಿಗಟದಿಂದ ಬೆಕ್ಕಿಗೆ, ಬೆಕ್ಕಿನ ಉಗುರಿನಿಂದ ಮಗುವಿಗೆ ಬಂದ ರೋಗ, ನನ್ನ ಕಾಲಿನ ಗುಳ್ಳೆಯೂ ಚಿಗಟ ಕಚ್ಚಿದ್ದೇ ಎಂದರು. ಚಿಗಟದ ಹಿಕ್ಕೆ ಕರಿಎಳ್ಳಿನ ಪುಡಿಯಂತಿದ್ದು, ನೀರು ಬಿದ್ದರೆ ರಕ್ತದ ಬಣ್ಣ ಬಿಡುತ್ತದೆ ಎಂದೂ ಹೇಳಿದರು. ನಾನು ಹೊಲಿಯುವ ಮುಂಚೆ ದಿನವೂ ಜೇಬಿನ ಬಟ್ಟೆಯಿಂದ ಕೊಡವುತ್ತಿದ್ದ ಕರಿ ಚುಕ್ಕೆಗಳು ನೆನಪಾದವು.

ಮರುದಿನ ಶೆಡ್ಡಿಗೆ ಹೋದೆ. ಗಂಡಸರ ಮುಖ ನೋಡಿ ಮಾತಾಡಿದವಳಲ್ಲ ನಾನು. ಅಂದೂ ಮುಖ ನೋಡಲಿಲ್ಲ, ಬೂಟು ನೋಡಿದೆ. ಬೆಕ್ಕು ಮಲಗುವ ಬಟ್ಟೆಯನ್ನು ಅವನ ಮೇಜಿನ ಮೇಲೆ ಹಾಸಿ, ಇಸ್ತ್ರಿಗೆ ಇಟ್ಟ ನೀರು ಚಿಮುಕಿಸಿದೆ. ಚುಕ್ಕೆಗಳೆಲ್ಲ ಕೆಂಪಾಗಿ ಹರಡಿದವು.

"ಇದು ನಮ್ ತಲೇದಲ್ಲ ಸಾರ್, ನಿಮ್ ರಾಣೀದು," ಎಂದೆ. "ಕಾಲುಚೀಲ ಬಿಚ್ಚಿ ಒಂದ್ ಗಳಿಗೆ ನನ್ ಮಷೀನಿಗೆ ಕೂತ್ಕಳಿ."

ಮಷೀನುಗಳೆಲ್ಲ ನಿಂತವು. ಅವನು ಬಿಚ್ಚಲಿಲ್ಲ. ಆ ಬಟ್ಟೆ ಮುದುರಿ ಎಸೆದು ಕತ್ತರಿ ಕೈಗೆತ್ತಿಕೊಂಡ. ಸಂಜೆ ಆ ರಾಣಿಯನ್ನೇ ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬಂದ. ನಮ್ಮ ಮೇಲಿದ್ದ ತಪ್ಪು ಬೆಕ್ಕಿನ ಮೇಲೆ ಹೋಯಿತೇ ಹೊರತು ಅವನ ಹತ್ತಿರ ಸುಳಿಯಲಿಲ್ಲ. ಗಂಟುಗಳನ್ನು ಕುದಿನೀರಿಗೆ ಹಾಕಿ, ನೆಲ ತೊಳೆದವರು ನಾವು. ನನ್ನ ಕೆಲಸ ಉಳಿಯಿತು, ನಿಮ್ಮ ಅಮ್ಮನ ಗಡ್ಡೆ ಕರಗಿತು.

ಬಾಯಿ ತೆರೆಯುವುದನ್ನು ನಾನು ಕಲಿತದ್ದು ಅಂಥವನಿಂದ. ಆ ಋಣಕ್ಕೆಂದೇ ಅವನು ಸತ್ತಾಗ ನೋಡಲು ಹೋದೆ. ಮೈ ತೊಳೆದು ಮಲಗಿಸಿದ್ದರು. ಅವನ ಬರಿಗಾಲು ನಾನು ಕಂಡದ್ದು ಅಂದೇ. ಹಸುಗೂಸಿನ ಪಾದದ ಹಾಗೆ ನುಣ್ಣಗಿತ್ತು. ಒಂದೇ ಒಂದು ಚಿಗಟ ಕಚ್ಚಿದ ಗುರುತಿರಲಿಲ್ಲ.