ಇಬ್ಬನಿ ಹೆಪ್ಪುಗಟ್ಟುವ ಊರಿನಲ್ಲಿ ನಮ್ಮ ಬದನೆ ಸಸಿ

ಬಸುರಿ ಮಗಳು ಮಸಾಲೆ ತುಂಬಿದ ಬದನೆಯ ಎಣಗಾಯಿ ಬಯಸಿದಳೆಂದು ನಮ್ಮೂರು ನೇಸರಗಿಯಿಂದ ಜವಾರಿ ಬದನೆ ಸಸಿಗಳನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಿಮಾಚಲಕ್ಕೆ ಹೋದೆ. ಅಳಿಯನ ನೌಕರಿ ಅಲ್ಲಿಯ ಒಂದು ಗುಡ್ಡದ ಊರಲ್ಲಿದೆ. ಮೇ ತಿಂಗಳು, ಬಿಸಿಲು ಚೆನ್ನಾಗಿತ್ತು. ಹಿತ್ತಲಲ್ಲಿ ನೆಡಲು ಕುಳಿತೆ.

ಮನೆಯ ಮಾಲಕಿ, ನನ್ನ ವಯಸ್ಸಿನವಳೇ, ಓಡಿ ಬಂದು ಕೈ ಹಿಡಿದಳು. ಎದುರಿನ ಗುಡ್ಡದ ಹಿಮ ಕರಗುವ ತನಕ ಅಲ್ಲಿ ಯಾರೂ ಬದನೆ ನೆಡುವುದಿಲ್ಲವಂತೆ. ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಎಲೆ ಸುಡುತ್ತದಂತೆ.

“ಸಸಿ ಮಾರೇ ಮನಿ ಕಟ್ಟಿದಾಕಿ ನಾನು” ಎಂದು ನನ್ನ ಸಂತೆಯ ಹಿಂದಿಯಲ್ಲಿ ಹೇಳಿದೆ.

“ನಿಮ್ಮೂರಾಗ ಎಷ್ಟು ತಿಂಗಳ ನೆಡಬಹುದು?” ಎಂದು ಅವಳು ಕೇಳಿದಳು.

“ನೀರಿದ್ರ ಹನ್ನೆರಡೂ ತಿಂಗಳ.”

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹಂಗಾದ್ರ ನಿಮಗ್ಯಾಕ ಇಷ್ಟು ಅವಸರ? ನಮಗಿರೂದು ನಾಕ ತಿಂಗಳ. ಆದ್ರೂ ನಾವು ಕಾಯತೇವಿ.”

ಬಾಗಿಲಲ್ಲಿ ನಿಂತಿದ್ದ ಮಗಳು, “ಅವ್ವಾ, ಇವು ಸತ್ರ ಮತ್ತ ನೇಸರಗಿಗೆ ಹೋಗಿ ತರತೀಯೇನು?” ಅಂದಳು.

ಮಗಳ ಮುಖ ನೋಡಿ ಸಸಿಗಳನ್ನು ಅಡುಗೆಮನೆಯೊಳಗೆ ಇಟ್ಟೆ. ಅದೇ ವಾರ ಒಂದು ಬೆಳಿಗ್ಗೆ ಹಿತ್ತಲೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಮಾಲಕಿ ಒಳಗೆ ಬಂದು, ಸಸಿಗಳಿಗೆ ನೀರು ಹಾಕಿ, ಒಂದು ಮಾತೂ ಆಡದೆ ಹೋದಳು. ಏನಾದರೂ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.