ಬಲಗಡೆಯ ಕುಂಕುಮ

ಮಾಗಡಿಯ ಮುನಿಶಾಮಯ್ಯ ಮೂವತ್ತು ವರ್ಷದಿಂದ ಬಸ್ಸು, ಲಾರಿಗಳ ಗಾಲಿಯ ಮೇಲೆ ಸ್ಪ್ರಿಂಗಿನಂತೆ ಭಾರ ಹೊರುವ ಕಮಾನು ಪ್ಲೇಟು ಬಿಚ್ಚಿ ಕಟ್ಟುವ ಮನುಷ್ಯ. ಕೂತಲ್ಲಿ ಕೂರುವ ಪೈಕಿಯವನಲ್ಲ. ಮುದ್ದೆಯನ್ನೂ ನಿಂತೇ ನುಂಗುತ್ತಾನೆ. ರಿಪೇರಿಯಾದ ಗಾಡಿ ತಿರುವು ದಾಟುವವರೆಗೂ ಅದರ ಸದ್ದಿಗೆ ಕಿವಿಗೊಟ್ಟಿರುತ್ತಾನೆ.

ಆ ಬೆಳಿಗ್ಗೆ ಡ್ರೈವರ್ ಮುಜೀಬನ ಬಸ್ಸಿನಡಿ ತೂರಿದಾಗ, ಹಿಂದಿನ ಬಲಗಾಲಿಯ ಮೇಲೆ, ಪ್ಲೇಟುಗಳನ್ನು ಅಚ್ಚಿಗೆ ಬಿಗಿದು ಹಿಡಿಯುವ ಯು-ಬೋಲ್ಟಿನ ಅಂಚಿನಲ್ಲಿ ಕೆಂಪು ಪುಡಿ ಕಂಡಿತ್ತು. ಆಯುಧ ಪೂಜೆಯಲ್ಲಿ ತಾನೇ ಇಟ್ಟ ಕುಂಕುಮ ಅಂದುಕೊಂಡ. ಭಾರ ಹೊರುವುದು ಅದೇ ಅಂತ ಪ್ರತಿವರ್ಷ ಪ್ಲೇಟಿಗೂ ಹಚ್ಚುವ ಪದ್ಧತಿ ಅವನದು. ಸ್ಪಾನರಿಗೆ ಪೈಪು ಸಿಕ್ಕಿಸಿ ನಟ್ಟುಗಳನ್ನು ಇನ್ನೊಂದು ಸುತ್ತು ಬಿಗಿದು ಕಳಿಸಿದ.

ಹನ್ನೊಂದಕ್ಕೆ ಟೀ ಕುಡಿಯುತ್ತ ಶೆಡ್ಡಿನ ಗೋಡೆ ನೋಡಿದವನ ಲೋಟ ಕೈಯಲ್ಲೇ ನಿಂತಿತು. ಪೂಜೆಯ ದಿನ ಆ ಬಸ್ಸು ಬಲ ಮಗ್ಗುಲನ್ನು ಈ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಅತ್ತ ಅವನ ಕೈ ಹೋಗಿರಲೇ ಇಲ್ಲ.

ಹಾಗಾದರೆ ಅದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಉದುರಿದ ತುಕ್ಕಿನ ಪುಡಿ. ಬಿಗಿ ಸಾಲದಿದ್ದರೆ ಪ್ಲೇಟು ಜಾರಿ ಸವೆಯುತ್ತದೆ. ಸವೆದ ಮೇಲೆ ಬಿಗಿದರೆ ನಡುಭಾಗ ಕಚ್ಚಿಕೊಳ್ಳುತ್ತದೆ, ಅಂಚು ಮಾತ್ರ ಕೂದಲೆಳೆಯಷ್ಟು ಮಿಸುಕುತ್ತಲೇ ಇರುತ್ತದೆ. ಒತ್ತಡವೆಲ್ಲ ಅಲ್ಲಿಗೇ ಬಿದ್ದು ಬಿರುಕು ಹುಟ್ಟುತ್ತದೆ. ಬಿರುಕಿದ್ದ ಪ್ಲೇಟನ್ನೇ ಬಿಗಿದು, ಐವತ್ತು ಜನರನ್ನು ಹೊರಲು ಕಳಿಸಿದ್ದನೋ ಏನೋ.

ಅವನ ಮೊಪೆಡ್ ಆ ಬಸ್ಸಿನ ಕೊನೇ ನಿಲ್ದಾಣವಾದ ಕುದೂರು ತಲುಪಿದಾಗ ಬಸ್ಸು ಮಾಗಡಿಗೆ ವಾಪಸು ಹೊರಟು ನಿಂತಿತ್ತು.

"ಎಲ್ಲಾರ್ನೂ ಇಳ್ಸ್ಲಾ ಮುಜೀಬಾ."

"ಬೆಳಿಗ್ಗೆ ನೀನೇ ಬಿಗಿ ಮಾಡ್ದಲ್ಲ ಮುನಿಶಾಮಣ್ಣ. ಈಗೇನ್ ಬಂತು?"

"ಬಿಗಿ ಮಾಡಿದ್ದೇ ತೆಪ್ಪಾಯ್ತು. ಬಿಚ್ಚಿ ನೋಡ್ಬೇಕು."

ರಾಗಿಹಿಟ್ಟಿನ ಚೀಲ ತಬ್ಬಿ ಕೂತಿದ್ದ ಮಾರಮ್ಮ ಕಿಟಕಿಯಿಂದ ಕೆಣಕಿದಳು: "ಪೂಜೆ ಒಸಿ ಬಾಕಿ ಉಳ್ದೈತಾ? ಕಾಯಿ ಒಡೀಬೇಕಾ?"

"ಮೂಳೆ ಒಡೀಬಾರ್ದು ಅಂತ್ಲೇ ಬಂದಿವ್ನಿ. ಇಳಿಯಕ್ಕ."

ಜನ ಬೈದುಕೊಂಡೇ ಇಳಿದರು. ಜಾಕು ಕೊಟ್ಟು, ಬೋಲ್ಟು ಸಡಿಲಿಸಿ, ಪ್ಲೇಟುಗಳನ್ನು ಒತ್ತಿ ಹಿಡಿದಿದ್ದ ಮೇಲಿನ ತಟ್ಟೆ ಸರಿಸಿದ. ಪ್ಲೇಟಿಗೆ ಸೀಮೆಎಣ್ಣೆ ಸವರಿ, ಒಣಗುವಂತೆ ಒರೆಸಿ, ಸೀಮೆಸುಣ್ಣ ತೇದ. ಏನೂ ಕಾಣಲಿಲ್ಲ. ಯಾರೋ ನಕ್ಕರು. ಎದ್ದ, ಕೂತ, ಮತ್ತೆ ಎದ್ದ.

ಬಿಗಿದಿದ್ದ ಜಾಗದ ಅಂಚಿಗೆ ಸರಿಯಾಗಿ, ಬಿಳಿಯ ಮೇಲೆ ಬೆರಳುದ್ದದ ಕಪ್ಪು ಗೆರೆ ಮೆಲ್ಲಗೆ ಎದ್ದುಬಂತು. ಬಿರುಕು ನುಂಗಿದ್ದ ಸೀಮೆಎಣ್ಣೆಯನ್ನು ಸುಣ್ಣ ಹೀರಿಕೊಂಡಿತ್ತು.

ಮಾರಮ್ಮ ಚೀಲ ಕೆಳಗಿಟ್ಟಳು. ಮುಜೀಬ ಗೆರೆಯ ಮೇಲೆ ಬೆರಳಾಡಿಸಿದ. "ಇನ್ನೆಷ್ಟ್ ದೂರ ಓಡ್ತಿತ್ತಣ್ಣ?"

"ಗೊತ್ತಿಲ್ಲ."

ಮುನಿಶಾಮಯ್ಯ ಆಗಲೇ ಎಡಗಡೆಗೆ ತೂರಿದ್ದ. ಅಲ್ಲಿ ಅವನೇ ಇಟ್ಟ ಕುಂಕುಮ ಇನ್ನೂ ಸ್ವಲ್ಪ ಅಂಟಿಕೊಂಡಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಅದನ್ನು ಉಜ್ಜಿ ತೆಗೆದ.

"ಸೀಮೆಸುಣ್ಣ ಇತ್ತ ಕೊಡ್ಲಾ ಮುಜೀಬಾ," ಅಂದ.