ಸೋತ ಮರುದಿನ ಬರುತ್ತಿದ್ದ ಅಂಕಲ್

ಭಾನುವಾರ, ನವೆಂಬರ್ 16. ಬೆಳಿಗ್ಗೆ 10:40.

ಅಂಕಲ್ ಅವರ ಎಡಗೈಯ ಕಿರುಬೆರಳು ನಡುಗೆಣ್ಣಿನಿಂದ ಹೊರಕ್ಕೆ ಬಾಗಿತ್ತು. ಬಲಗೈಯಲ್ಲಿ ಯಾವಾಗಲೂ ಚಹಾ ಲೋಟ ಇರುತ್ತಿದ್ದುದರಿಂದ ಟಿ.ವಿ.ಯಲ್ಲಿ ಆಟಗಾರರನ್ನು ಎಡಗೈ ಚಾಚಿಯೇ ತೋರಿಸುತ್ತಿದ್ದರು. ಕೈ ಒಬ್ಬನನ್ನು ತೋರಿಸಿದರೆ ಆ ಬೆರಳು ಪಕ್ಕದವನನ್ನು ತೋರಿಸುತ್ತಿತ್ತು.

"ಯಾರನ್ನ ತೋರಿಸ್ತಿದ್ದೀರ ಅಂಕಲ್? ಹೀಗಾದ್ರೆ ಇಬ್ರನ್ನೂ ಬೆಂಚಲ್ಲಿ ಕೂರಿಸ್ತಾರೆ" ಎಂದು ರೇಗಿಸುತ್ತಿದ್ದೆ.

"ಇಬ್ಬರ್ನೂ ನೋಡು ತಂಗಿ. ಪುಕ್ಕಟೆ ಐತಿ."

ಅಮೆರಿಕದ ಕೆಂಡಲ್ ಪಾರ್ಕ್‌ನಲ್ಲಿ ನಮ್ಮದರಿಂದ ಎರಡನೇ ಮನೆ ಅವರದು. ಧಾರವಾಡದವರು, ನಿವೃತ್ತ ಸಿವಿಲ್ ಎಂಜಿನಿಯರ್. ನಾನು ಕಾಲೇಜು ಸೇರಿದ ವರ್ಷದಿಂದ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡವೇ ಅವರ ತಂಡವೂ ಆಯಿತು. ಅದರಲ್ಲೂ ಡಿಫೆನ್ಸ್ ಮಾತ್ರ. "ಚೆಂಡ್ ಒಗಿಯೂದು ಅವರ ವಿದ್ಯೆ. ಓಡಿ ಬಂದವನ್ನ ಹಿಡಿಯೂದು ನಮ್ಮದು" ಎನ್ನುತ್ತಿದ್ದರು. ಓದುವ ಕಾಲದಲ್ಲಿ ಅವರು ಕಬಡ್ಡಿ ಆಟಗಾರ.

ಶನಿವಾರ ಪಂದ್ಯ. ಗೆದ್ದರೆ ಅವರು ಬರುತ್ತಿರಲಿಲ್ಲ. "ಗೆದ್ದಾಗ ಮಾತಾಡೂದೇನೈತಿ?" ಸೋತರೆ ಮಾತ್ರ ಭಾನುವಾರ 10:40ಕ್ಕೆ, ಆಂಟಿಯ ಪೂಜೆ ಮುಗಿಯುತ್ತಲೇ, ನಮ್ಮ ಮನೆಯ ಬೆಲ್ ಒತ್ತುತ್ತಿದ್ದರು. ರೆಕಾರ್ಡ್ ಆದ ಆಟವನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಜಗಳವಾಡುತ್ತಿದ್ದೆವು. ಪ್ರತಿ ಆಟದ ಲೆಕ್ಕ ಬರೆದಿಡುವ ನನ್ನ ಪುಸ್ತಕದ ಪ್ರಕಾರ ಮೂರು ಸೀಸನ್‌ಗಳಲ್ಲಿ ಹದಿನಾಲ್ಕು ಸೋಲು, ಹದಿನಾಲ್ಕು ಸಲವೂ ಅಂಕಲ್ ಹಾಜರು. ಕೊನೆಕೊನೆಗೆ ಶನಿವಾರ ಸಂಜೆ ತಂಡ ಹಿಂದೆ ಬಿದ್ದರೆ ನನಗೆ ಅಷ್ಟೇನೂ ಬೇಸರವಾಗುತ್ತಿರಲಿಲ್ಲ.

ಹದಿನಾಲ್ಕನೆಯದು ಕಳೆದ ನವೆಂಬರಿನದು. ಕೊನೆಯ ನಿಮಿಷದವರೆಗೂ ನಾವೇ ಮುಂದಿದ್ದೆವು. ಆಗ ಎದುರು ತಂಡದ ಓಟಗಾರನೊಬ್ಬ ಚೆಂಡು ಹಿಡಿದು ಅಂಚಿನಿಂದ ನುಸುಳಿದ. ನಮ್ಮ ಇಪ್ಪತ್ನಾಲ್ಕನೇ ನಂಬರಿನ ಹುಡುಗ ಅವನ ಕಾಲಿಗೆ ಹಾರಿದ. ಕಾಲು ಸಿಗಲಿಲ್ಲ, ಪಂದ್ಯ ಹೋಯಿತು. ರಾತ್ರಿಯಾಗುವುದರೊಳಗೆ ಇಡೀ ಕಾಲೇಜು ಅವನಿಗೆ ಛೀಮಾರಿ ಹಾಕಿತ್ತು.

"ಒಟ್ಟು ಐದು ಟ್ಯಾಕಲ್ ಮಿಸ್ ಮಾಡಿದಾನೆ ಅಂಕಲ್. ಎಲ್ಲಾ ಬರ್ದಿದೀನಿ ನೋಡಿ."

"ಹಾರಿದವನ್ನ ಎಣಿಸೀ. ಬಿಟ್ಟವನ್ನ ಎಲ್ಲೆ ಬರ್ದೀ?"

ಆಟವನ್ನು ಹಿಂದಕ್ಕೆ ಓಡಿಸಿದರು. ಅಂಚು ಕಾಯಬೇಕಿದ್ದ ನಮ್ಮದೇ ಐವತ್ತೊಂದನೇ ನಂಬರ್, ಚೆಂಡಿನ ಆಸೆಗೆ ಒಳಕ್ಕೆ ನುಗ್ಗಿದ್ದ. ಅವನು ಬಿಟ್ಟುಹೋದ ಜಾಗದಲ್ಲೇ ಓಟಗಾರ ನುಸುಳಿದ್ದು.

"ಬಟ್ ಅಂಕಲ್, ಹಿಡೀಬೇಕಾದವನು ಇಪ್ಪತ್ನಾಲ್ಕೇ! ದಟ್ಸ್ ಹಿಸ್ ಜಾಬ್!"

"ಅಂವ ಒಬ್ಬನ ಯಾಕಿದ್ದಾ ಅಲ್ಲೆ? ಅದನ್ನ ಹೇಳು!"

"ನಿಮ್ಮಿಬ್ಬರ ಕೂಗಾಟ ಆ ಹುಡುಗರಿಗೆ ಕೇಳಿಸತ್ತಾ?" ಅಡುಗೆಮನೆಯಿಂದ ಅಮ್ಮ ಅಂದಳು. "ಉಪ್ಪಿಟ್ಟು ಆರ್ತಾ ಇದೆ, ಬನ್ನಿ."

ಅಂಕಲ್ ಏಳಲಿಲ್ಲ. ಲೋಟ ಕೆಳಗಿಟ್ಟು, ಆ ಕಿರುಬೆರಳನ್ನು ಬಲಗೈಯಲ್ಲಿ ಹಿಡಿದುಕೊಂಡು ಮಾತಾಡಿದರು.

ಎಪ್ಪತ್ತರ ದಶಕದ ಕೊನೆ. ಧಾರವಾಡದಲ್ಲಿ ಅಂತರ ಕಾಲೇಜು ಕಬಡ್ಡಿ. ಅಂಕಲ್ ತಂಡದ ಎಡಮೂಲೆಯಲ್ಲಿ ಅವರ ಗೆಳೆಯ, ಅವನ ಪಕ್ಕದಲ್ಲಿ ಅಂಕಲ್. ಇಬ್ಬರೂ ಕೈ ಹಿಡಿದುಕೊಂಡೇ ಆಡಬೇಕು. ಮೂಲೆಯವನು ಕಾಲಿಗೆ ಹಾರುವುದು ಪಕ್ಕದವನ ಕೈ ನಂಬಿ. ಸೆಮಿಫೈನಲ್‌ನಲ್ಲಿ ಅಂಕಲ್ ಬೆರಳು ಮುರಿಯಿತು. ಹೇಳಿದರೆ ಫೈನಲ್ ಆಡಿಸುವುದಿಲ್ಲವೆಂದು ಅರಿಸಿನ ಮೆತ್ತಿಕೊಂಡು ಸುಮ್ಮನಾದರು. ಫೈನಲ್‌ನ ಕೊನೆಯ ದಾಳಿಯಲ್ಲಿ ಗೆಳೆಯ ಹಾರಿದ. ಎದುರಾಳಿ ಜಗ್ಗಿದ.

"ಬೆರಳ್ನ್ಯಾಗ ಕೆಂಡ ಇಟ್ಟಂಗಾತು. ಕೈ ಬಿಟ್ಟೆ. ಅಂವ ಒಬ್ಬನ ಆದ. ಮಂದಿ ಅವನ್ನ ಬೈದ್ರು. ಯೂನಿವರ್ಸಿಟಿ ಟೀಮಿಗೆ ನನ್ನ ತಗೊಂಡ್ರು, ಅವನ್ನ ಬಿಟ್ರು."

"ನೀವು ಹೇಳ್ಲಿಲ್ವಾ?"

"ನಾಳಿ ಹೇಳೂಣು ಅಂದ್ಕೊಂಡೆ, ತಂಗಿ."

ಆಟ ನಿಲ್ಲಿಸಿದ್ದ ಪರದೆಯ ಮೇಲೆ ಇಪ್ಪತ್ನಾಲ್ಕು ಇನ್ನೂ ಗಾಳಿಯಲ್ಲೇ ಇದ್ದ. ಗೆಳೆಯನ ಹೆಸರು ಹೇಳಿದರು, ನವಲಗುಂದದ ಕಡೆಯವನೆಂದರು, ಬಲಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತೆಂದರು. "ಈಗ ಫೋನಿನ್ಯಾಗ ಎಲ್ಲಾರೂ ಸಿಗ್ತಾರಂತಲ್ಲ. ಹುಡುಕಿ ಕೊಡ್ತೀ ಏನು?"

"ಫೈನಲ್ ಎಕ್ಸಾಮ್ಸ್ ಮುಗೀಲಿ ಅಂಕಲ್. ಶೂರ್" ಅಂದೆ.

ಡಿಸೆಂಬರಿನಲ್ಲಿ ಪರೀಕ್ಷೆ ಮುಗಿಯಿತು. ಆಮೇಲೆ ಇಂಟರ್ನ್‌ಶಿಪ್ ಹುಡುಕಾಟ, ಇಪ್ಪತ್ತಾರು ಅರ್ಜಿ. ಅಂಕಲ್ ಎರಡು ಸಲ ದಾರಿಯಲ್ಲಿ ಸಿಕ್ಕಿ ನನ್ನ ಮುಖ ನೋಡಿದರು, ಕೇಳಲಿಲ್ಲ. ಮಾರ್ಚ್ 9ರ ಬೆಳಿಗ್ಗೆ ಹೃದಯಾಘಾತವಾಗಿ ತೀರಿಕೊಂಡರು.

ಅವತ್ತು ಸಂಜೆ ನವೆಂಬರಿನ ಆ ಪುಟ ತೆಗೆದೆ. ಇಪ್ಪತ್ನಾಲ್ಕರ ಐದು ಗೀಟುಗಳಿದ್ದವು, ಉಪ್ಪಿಟ್ಟು ಇತ್ತು, ಹೊರಗಿನ ಚಳಿ ಎಷ್ಟು ಡಿಗ್ರಿ ಎಂಬುದೂ ಇತ್ತು. ಗೆಳೆಯನ ಹೆಸರು ಇರಲಿಲ್ಲ. ನಾನು ಬರೆದುಕೊಂಡಿರಲೇ ಇಲ್ಲ, ನೆನಪಿನಲ್ಲೂ ಉಳಿದಿಲ್ಲ. ಆಂಟಿಗೂ ಗೊತ್ತಿಲ್ಲ, ಆ ಫೈನಲ್ ವಿಷಯ ಆಕೆ ಕೇಳಿದ್ದೇ ನನ್ನಿಂದ.

ನಿನ್ನೆ ನಮ್ಮ ತಂಡ ಮತ್ತೆ ಸೋತಿತು, ಈ ಸೀಸನ್‌ನಲ್ಲಿ ಐದನೇ ಸಲ. ಪುಸ್ತಕದಲ್ಲಿ ಈಗ ಹಾರಿದವರ ಪಕ್ಕದಲ್ಲಿ ಬಿಟ್ಟವರಿಗೂ ಒಂದು ಸಾಲು ಇದೆ. ಅದನ್ನು ತುಂಬಿಸಿ, ಆಟವನ್ನು ಬೇಕಾದಲ್ಲಿ ನಿಲ್ಲಿಸಿ ಕೂತಿದ್ದೇನೆ. ಅಮ್ಮ ಇವತ್ತೂ ಮೂರು ಲೋಟ ಚಹಾ ಮಾಡಿದಳು.

ಎಪ್ಪತ್ತರ ದಶಕದ ಕೊನೆಗೆ ಧಾರವಾಡದ ಕಾಲೇಜು ಕಬಡ್ಡಿ ತಂಡದಲ್ಲಿ ಎಡಮೂಲೆಯಲ್ಲಿ ಆಡಿದ, ನವಲಗುಂದದ ಕಡೆಯ, ಬಲಹುಬ್ಬಿನ ಮೇಲೆ ಹೊಲಿಗೆಯ ಗುರುತಿರುವ ಒಬ್ಬರನ್ನು ಬಲ್ಲವರು ಈ ಸಂಚಿಕೆಯ ಸಂಪಾದಕರ ಮೂಲಕ ನನಗೆ ಎರಡು ಸಾಲು ಬರೆಯಿರಿ. ಓದುತ್ತಿರುವವರು ಅವರೇ ಆಗಿದ್ದರೆ, ಸರ್, ಅವತ್ತು ನೀವು ಸರಿಯಾಗಿಯೇ ಹಾರಿದ್ದಿರಿ. ನಿಮ್ಮ ಪಕ್ಕದವರು ಅದನ್ನು ಹೇಳಿಹೋಗಿದ್ದಾರೆ.